ನ್ಯಾಯಾಧೀಶರು ನೇರವಾಗಿ ಕೇಳುವ ದಿನ

ಕೇಳುಗರಿಗೆ ನಮಸ್ಕಾರ.

ಮಾಡದ ತಪ್ಪಿನ ಆರೋಪ ಹೊತ್ತವರು ನ್ಯಾಯಾಲಯದಲ್ಲಿ ತಮ್ಮ ಮಾತನ್ನು ಯಾವಾಗ, ಹೇಗೆ ಹೇಳಬೇಕು ಎಂಬುದು ಇಂದಿನ ಮಾತು. ಹೊಲದ ಬದುವಿನ ತಕರಾರು. ನೆರೆಯವನು ನಿಮ್ಮ ಮೇಲೆ ಹಲ್ಲೆಯ ದೂರು ಕೊಟ್ಟಿದ್ದಾನೆ. ದೂರಿನಲ್ಲಿರುವ ಹೊತ್ತಿಗೆ ನೀವು ಪೇಟೆಯ ಮಂಡಿಯಲ್ಲಿ ಈರುಳ್ಳಿ ತೂಗಿಸುತ್ತಿದ್ದಿರಿ ಎಂದಿಟ್ಟುಕೊಳ್ಳಿ. ನ್ಯಾಯಾಲಯಕ್ಕೆ ಕಾಲಿಟ್ಟ ದಿನವೇ ಇದನ್ನು ಹೇಳಿಬಿಡಬೇಕೆಂದು ಜೀವ ಚಡಪಡಿಸುತ್ತದೆ. ಆದರೆ ದೋಷಾರೋಪವನ್ನು ಓದಿ ಹೇಳಿದ ದಿನ ನಿಮ್ಮನ್ನು ಕೇಳುವುದು ಇಷ್ಟೇ: ಒಪ್ಪುತ್ತೀರೋ, ವಿಚಾರಣೆ ಬೇಕೋ? ವಿಚಾರಣೆ ಬೇಕು ಎನ್ನಿ. ‘ದಂಡ ಕಟ್ಟಿ ಮುಗಿಸಿಕೊಳ್ಳಿ, ಅಲೆದಾಟ ತಪ್ಪುತ್ತದೆ’ ಎನ್ನುವವರು ನ್ಯಾಯಾಲಯದ ಆವರಣದಲ್ಲೇ ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಮಾಡದ ತಪ್ಪನ್ನು ಒಪ್ಪಿದರೆ ನೀವು ಶಿಕ್ಷೆಗೊಳಗಾದವರೆಂದು ದಾಖಲೆಯಾಗುತ್ತದೆ.

ಆಮೇಲೆ ದೂರುದಾರರ ಕಡೆಯ ಸಾಕ್ಷಿಗಳು ಬರುತ್ತಾರೆ. ಆರೋಪವನ್ನು ಸಾಬೀತುಪಡಿಸುವ ಹೊಣೆ ಅವರದು, ಸರಿ. ಆದರೆ ‘ನಾನು ಬೇರೆ ಕಡೆ ಇದ್ದೆ’ ಎನ್ನುವುದನ್ನು ತೋರಿಸಿಕೊಡಬೇಕಾದವರು ನೀವೇ. ಆ ಮಾತು, ನಿಮ್ಮ ವಕೀಲರು ಆ ಸಾಕ್ಷಿಗಳನ್ನು ಪ್ರಶ್ನಿಸುವ ಪಾಟೀಸವಾಲಿನಲ್ಲೇ ಬರಬೇಕು. ಸಾಕ್ಷಿಯನ್ನು ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಕೊನೆಗೆ ಹೇಳಿದರೆ, ಅದು ಆಮೇಲೆ ಹೆಣೆದ ಕತೆಯಂತೆ ಕಾಣುತ್ತದೆ. ಆದ್ದರಿಂದ ಮಂಡಿಯ ತೂಕದ ಚೀಟಿ, ಬಸ್ ಟಿಕೆಟ್, ಅಂದು ಜೊತೆಗಿದ್ದವರ ಹೆಸರು, ಎಲ್ಲವನ್ನೂ ಮೊದಲ ವಾರದಲ್ಲೇ ವಕೀಲರಿಗೆ ಕೊಡಿ. ಸಿಸಿಟಿವಿ ದೃಶ್ಯಗಳು ಬಹುಕಾಲ ಉಳಿಯುವುದಿಲ್ಲ.

ದೂರುದಾರರ ಕಡೆಯ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ನಿಮ್ಮನ್ನೇ ನೇರವಾಗಿ ಪ್ರಶ್ನಿಸುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 313ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351ನೆಯದು. ಇಲ್ಲಿ ಪ್ರಮಾಣ ಮಾಡಿಸುವುದಿಲ್ಲ. ಉತ್ತರಿಸದಿದ್ದರೂ ಶಿಕ್ಷೆಯಿಲ್ಲ. ಸಾಕ್ಷ್ಯದಲ್ಲಿ ನಿಮ್ಮ ವಿರುದ್ಧ ಬಂದ ಒಂದೊಂದು ಅಂಶಕ್ಕೂ ವಿವರಣೆ ಕೊಡುವ ಅವಕಾಶವಿದು. ಹೀಗೆ ಮುಂದಿಟ್ಟು ಕೇಳದ ಸಂದರ್ಭಗಳನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1984ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟು ತೂಕದ ಘಟ್ಟ!

ನನ್ನನ್ನು ಕಾಡುವುದು, ಎಷ್ಟೋ ಮಂದಿ ಈ ಘಟ್ಟವನ್ನು ‘ಸುಳ್ಳು’, ‘ಗೊತ್ತಿಲ್ಲ’ ಎಂಬ ಎರಡೇ ಉತ್ತರಗಳಲ್ಲಿ ಕಳೆದುಬಿಡುವುದು. ಸುಳ್ಳಾದದ್ದನ್ನು ಸುಳ್ಳೆನ್ನಿ, ಆದರೆ ನಿಜವೇನೆಂದೂ ಹೇಳಿ. ಬದುವಿನ ತಕರಾರು ಯಾವಾಗ ಶುರುವಾಯಿತು, ಆ ದಿನ ಎಲ್ಲಿದ್ದಿರಿ, ಯಾರು ನೋಡಿದರು? ನಿಲ್ಲುವಾಗ ನಾಲಿಗೆ ಒಣಗುತ್ತದೆಯೇ? ಲಿಖಿತ ಹೇಳಿಕೆ ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿದೆ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ. ಅದರಲ್ಲಿ ಸಂಕೋಚವೇನೂ ಇಲ್ಲ. ಕೊಟ್ಟ ಉತ್ತರಗಳನ್ನು ನ್ಯಾಯಾಲಯ ಪರಿಗಣಿಸಬಹುದಾದ್ದರಿಂದ ಹಿಂದಿನ ದಿನ ವಕೀಲರೊಡನೆ ಕುಳಿತು ಕಡತ ಓದಿಸಿಕೊಳ್ಳಿ.

ಮುಂದೆ ನಿಮ್ಮ ಸಾಕ್ಷಿಗಳನ್ನು ಕರೆಸಬಹುದು. ಲಿಖಿತವಾಗಿ ಕೋರಿ ನೀವೇ ಸಾಕ್ಷಿಯಾಗಬಹುದು. ಆಗ ಮಾತ್ರ ಪ್ರಮಾಣವೂ ಪಾಟೀಸವಾಲೂ ಉಂಟು. ನೀವು ಸಾಕ್ಷಿಯಾಗದಿದ್ದರೆ ಅದನ್ನೇ ನಿಮ್ಮ ವಿರುದ್ಧ ಟೀಕೆ ಮಾಡುವಂತಿಲ್ಲ.

ಖುಲಾಸೆಯಾದೊಡನೆ ದೂರುದಾರನ ಮೇಲೆ ಮೊಕದ್ದಮೆ ಹೂಡಬೇಕೆನ್ನುವವರಿದ್ದಾರೆ. ಸುಳ್ಳು ಆರೋಪ ಹೊರಿಸುವುದು, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 248ನೇ ಕಲಮಿನಡಿ ಅಪರಾಧವೇ. ಆದರೆ ಸಂಶಯದ ಲಾಭದಿಂದ ಬಂದ ಖುಲಾಸೆ ಅದಕ್ಕೆ ಸಾಲದು. ಅವನು ಗೊತ್ತಿದ್ದೂ ಹಾನಿ ಮಾಡಲೆಂದೇ ಆರೋಪಿಸಿದನೆಂದು ತೋರಿಸಬೇಕಾಗುತ್ತದೆ.

ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100.