ಬಿಎಡ್ ಅಥವಾ ಬೈಕಂಪಾಡಿ: ಕೆಮಿಸ್ಟ್ರಿ ಕಲಿತವರಿಗೆ ಇಷ್ಟೇನಾ?

ನಮಸ್ಕಾರ. ಕಾಸರಗೋಡು, ಮಂಜೇಶ್ವರದ ಕಡೆ ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿದ ಹುಡುಗ ಹುಡುಗಿಯರಿಗೆ ಸಿಗುವ ಬುದ್ಧಿವಾದ ಹೆಚ್ಚುಕಡಿಮೆ ಎರಡೇ. ಬಿಎಡ್ ಮಾಡು, ಮಾಷ್ಟ್ರಾಗು. ಇಲ್ಲವೇ ತಲಪಾಡಿ ಗಡಿ ದಾಟಿ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಯಾವುದಾದರೂ ಕಂಪನಿಯ ಕ್ಯೂಸಿ ಲ್ಯಾಬಿಗೆ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ, ಸೇರು. ಎರಡೂ ಮರ್ಯಾದೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿ ಅಲ್ಲಿಗೇ ಮುಗಿದುಬಿಡುತ್ತದಲ್ಲ, ನನ್ನ ತಕರಾರು ಅದಕ್ಕೆ. ಈ ಜಿಲ್ಲೆಯ ಮಣ್ಣು, ನೀರು, ತೆಂಗಿನೆಣ್ಣೆ, ಅಡಿಕೆ, ಗೇರು, ಎಲ್ಲದರಲ್ಲೂ ಅಳೆದೇ ಹೇಳಬೇಕಾದ ಪ್ರಶ್ನೆಗಳಿವೆ. ಅಳೆದು, ಬಂದ ಅಂಕಿಗೆ ಸಹಿ ಹಾಕಿ, ಯಾರು ಕೇಳಿದರೂ ಅದನ್ನು ಸಮರ್ಥಿಸಬಲ್ಲವರು ಸಾಲದು. ಕೆಮಿಸ್ಟ್ರಿ ಕಲಿತವರ ಕಸುಬೇ ಅದು. ಹುದ್ದೆಯ ಹೆಸರಿನಲ್ಲಿ ಕೆಮಿಸ್ಟ್ರಿ ಎಂದು ಬರೆದಿರುವುದಿಲ್ಲ, ಅಷ್ಟೆ.

ಮೊದಲು ಅಡಿಕೆ ತೋಟಕ್ಕೆ ಹೋಗೋಣ. ಕೊಳೆರೋಗಕ್ಕೆ ಮದ್ದು ಬಿಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಆಮೇಲೆ ಚೂರಿಯ ಅಲಗು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಕಂಡರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತಿದೆ ಎಂದರ್ಥ. ಇನ್ನೂ ಸುಣ್ಣ ಬೇಕು. ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಪಾಠ ತೋಟದಲ್ಲೇ ನಡೆಯುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ತುತ್ತು ಕರಗಿಸಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಒಂದೇ ಅಳತೆ, ಒಂದೇ ವಿಧಾನ, ಆದರೂ ಒಂದು ವರ್ಷ ಮದ್ದು ಹಿಡಿಯುತ್ತದೆ, ಇನ್ನೊಂದು ವರ್ಷ ಎಳೆಗಾಯಿ ಸುಡುತ್ತದೆ. ಅನುಮಾನ ಮೊದಲು ಹೋಗಬೇಕಾದದ್ದು ಸುಣ್ಣದ ಮೇಲೆ. ಗೋಣಿಯಲ್ಲಿ ತಿಂಗಳುಗಟ್ಟಲೆ ಕೂತ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಅಷ್ಟಿಷ್ಟು ಕಾರ್ಬೊನೇಟ್ ಆಗಿರುತ್ತದೆ. ತಕ್ಕಡಿಯಲ್ಲಿ 1 ಕಿಲೋ ತೂಗಿದರೂ ಕೆಲಸಕ್ಕೆ ಬರುವ ಸುಣ್ಣ ಅದಕ್ಕಿಂತ ಕಡಿಮೆ. ಬಿಡಿ ತಾಮ್ರ ಉಳಿಯುತ್ತದೆ, ಅದು ಸುಡುತ್ತದೆ. ಇದನ್ನು ಲ್ಯಾಬಿನಲ್ಲಿ ಪರೀಕ್ಷಿಸುವಾಗ ನೇರವಾಗಿ ಆಸಿಡ್ ಹಾಕಿ ಮೀಥೈಲ್ ಆರೆಂಜಿನಲ್ಲಿ ಟೈಟ್ರೇಟ್ ಮಾಡಿದರೆ ಮೋಸಹೋಗುತ್ತೀರಿ, ಕಾರ್ಬೊನೇಟೂ ಲೆಕ್ಕಕ್ಕೆ ಬಂದುಬಿಡುತ್ತದೆ. ಸುಣ್ಣವನ್ನು ಸಕ್ಕರೆ ನೀರಿನಲ್ಲಿ ಕಲಕಬೇಕು; ಕೆಲಸಕ್ಕೆ ಬರುವ ಸುಣ್ಣ ಕರಗುತ್ತದೆ, ಕಾರ್ಬೊನೇಟ್ ಕರಗದೆ ಕೂರುತ್ತದೆ. ಆಮೇಲೆ ಫಿನಾಲ್ಫ್ತಲೀನ್ ಹಾಕಿ ಹೈಡ್ರೋಕ್ಲೋರಿಕ್ ಆಸಿಡ್. ಒಂದು ಬ್ಯೂರೆಟ್, ಒಂದು ತಕ್ಕಡಿ, ಇಷ್ಟೇ ಸಾಮಾನು. ಮಳೆಗಾಲಕ್ಕೆ ಮುಂಚೆ ಕೃಷಿ ಸಹಕಾರಿ ಸಂಘಗಳು ತರಿಸುವ ಸುಣ್ಣವನ್ನು ಹೀಗೆ ಪರೀಕ್ಷಿಸಿಕೊಟ್ಟರೆ ಅದೊಂದು ಸೇವೆ, ಅದಕ್ಕೆ ದುಡ್ಡು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನೀರಿನ ವಿಷಯ ಇನ್ನೂ ಸ್ವಾರಸ್ಯ. ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ, ಪಿಎಚ್ 6.5ಕ್ಕಿಂತ ಕೆಳಗೆ ಬರುವುದು ಅಪರೂಪವಲ್ಲ. ಐಎಸ್ 10500 ಎಂಬ ಭಾರತೀಯ ಮಾನದಂಡ ಕುಡಿಯುವ ನೀರಿಗೆ ಹೇಳುವುದು 6.5ರಿಂದ 8.5. ಸ್ಯಾಂಪಲ್ಲನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಬಸ್ಸಿನಲ್ಲಿ ಕುಲುಕಿಸಿಕೊಂಡು ತಂದರೆ ಕರಗಿದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರುತ್ತದೆ, ಲ್ಯಾಬಿನಲ್ಲಿ ನೀರು ಪಾಸಾಗುತ್ತದೆ. ಪಿಎಚ್ ಬಾವಿಕಟ್ಟೆಯಲ್ಲೇ ಅಳೆಯಬೇಕು. ಕಬ್ಬಿಣ ನೋಡಬೇಕಾದ ಸ್ಯಾಂಪಲ್ಲನ್ನು ಬೇರೆ ಬಾಟಲಿಯಲ್ಲಿ ತೆಗೆದು, ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಬೇಕು, ಇಲ್ಲದಿದ್ದರೆ ಕಬ್ಬಿಣ ಬಾಟಲಿಯ ಗೋಡೆಗೆ ಅಂಟುತ್ತದೆ, ವರದಿಯಲ್ಲಿ ಕಾಣುವುದಿಲ್ಲ. ಕುಂಬಳೆ, ಉಪ್ಪಳದಂಥ ಕಡಲ ಕರೆಯ ಊರುಗಳಲ್ಲಿ ಉಪ್ಪುನೀರು ಬಾವಿಗೆ ನುಗ್ಗಿದೆಯೇ ಎಂದು ತಿಳಿಯಲು ಕ್ಲೋರೈಡ್ ಅಳೆಯುವುದಿದೆ. ಕಾಲೇಜಿನಲ್ಲಿ ಎಲ್ಲರೂ ಮಾಡಿದ ಮೋರ್ ಟೈಟ್ರೇಶನ್ ಅದು, ಸಿಲ್ವರ್ ನೈಟ್ರೇಟ್, ಪೊಟ್ಯಾಸಿಯಂ ಕ್ರೋಮೇಟ್. ಅದು ಸರಿಯಾಗಿ ನಡೆಯುವುದು ಪಿಎಚ್ ಸುಮಾರು 7ರಿಂದ 10ರ ಒಳಗೆ. ಆಮ್ಲೀಯ ನೀರಿನಲ್ಲಿ ಕ್ರೋಮೇಟ್ ಡೈಕ್ರೋಮೇಟಿನ ಕಡೆ ವಾಲುತ್ತದೆ, ಟೈಟ್ರೇಶನ್ ಮುಗಿಯಿತೆಂದು ತೋರುವ ಕೆಂಪು ತಡವಾಗಿ ಬರುತ್ತದೆ, ಕ್ಲೋರೈಡ್ ಇದ್ದದ್ದಕ್ಕಿಂತ ಜಾಸ್ತಿ ತೋರುತ್ತದೆ. ಚಿಟಿಕೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದರೆ ತಪ್ಪುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು ಸಿಕ್ಕ ಪ್ರಯೋಗವೇ ನಮ್ಮ ಊರಿನ ನೀರಿನ ಮುಂದೆ ಸೋಲುವುದು ಹೀಗೆ.

ತೆಂಗಿನೆಣ್ಣೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ ಅದರ ಅಯೋಡಿನ್ ಮೌಲ್ಯ (ಎಣ್ಣೆ ಎಷ್ಟು ಅಪರ್ಯಾಪ್ತ ಎಂದು ಹೇಳುವ ಅಂಕಿ) 7.5ರಿಂದ 10ರ ಒಳಗಿರಬೇಕು. 8 ಇರುವ ಒಳ್ಳೆಯ ಎಣ್ಣೆಗೆ ಶೇಕಡಾ 10 ಪಾಮೋಲಿನ್ ಬೆರೆಸಿದಿರಿ ಎನ್ನಿ, ಪಾಮೋಲಿನ್ನಿನದು 57 ಎಂದು ಹಿಡಿದರೂ ಮಿಶ್ರಣ 12.9ಕ್ಕೆ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಬೆರೆಸುವವನು ಬುದ್ಧಿವಂತನಾದರೆ ಪಾಮ್ ಕರ್ನೆಲ್ ಎಣ್ಣೆ ಬಳಸುತ್ತಾನೆ. ಅದರ ಮೌಲ್ಯ ಸುಮಾರು 18. ಶೇಕಡಾ 10 ಹಾಕಿದರೆ ಮಿಶ್ರಣ 9, ಶೇಕಡಾ 20 ಹಾಕಿದರೂ 10, ಮಿತಿಯ ಒಳಗೇ! ಲಾರಿಕ್ ಆಸಿಡ್ ನೋಡಿದರೂ ಎರಡೂ ಅಣ್ಣತಮ್ಮಂದಿರು. ಆಗ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಾಟೋಗ್ರಫಿಗೆ ಹೋಗಿ ಒಲಿಯಿಕ್ ಏರಿದೆಯೇ, ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಇಳಿದಿವೆಯೇ ಎಂದು ಒಟ್ಟಿಗೆ ನೋಡಬೇಕಾಗುತ್ತದೆ. ಈ ಕೆಲಸಕ್ಕೆ ಕಾನೂನಿನಲ್ಲೇ ಹುದ್ದೆಯಿದೆ, ಫುಡ್ ಅನಲಿಸ್ಟ್. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ, ಆಹಾರ ವಿಶ್ಲೇಷಣೆಯಲ್ಲಿ 3 ವರ್ಷದ ಅನುಭವ, ಮೇಲೆ ಎಫ್‌ಎಸ್‌ಎಸ್‌ಎಐ ನಡೆಸುವ ಪರೀಕ್ಷೆ. ಸ್ಯಾಂಪಲ್ ಕೈಗೆ ಬಂದ 14 ದಿನದೊಳಗೆ ವರದಿ ಕೊಡಬೇಕು ಎನ್ನುತ್ತದೆ 2006ರ ಆಹಾರ ಸುರಕ್ಷತಾ ಕಾಯ್ದೆ. ಆ 3 ವರ್ಷವನ್ನು ಎಲ್ಲಿ ಕಳೆಯುತ್ತೀರಿ ಎಂಬುದನ್ನು ಎಂಎಸ್ಸಿ ಓದುವಾಗಲೇ ಯೋಚಿಸಿ. ಎನ್‌ಎಬಿಎಲ್ ಮಾನ್ಯತೆ ಇರುವ ಆಹಾರ ಲ್ಯಾಬ್ ಸಿಕ್ಕಿದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಸೇರುವುದು ಲೇಸು.

ಇನ್ನು ಎಂಡೋಸಲ್ಫಾನ್. ಕಾಸರಗೋಡಿನಲ್ಲಿ ಕೂತು ರಸಾಯನಶಾಸ್ತ್ರದ ಬಗ್ಗೆ ಮಾತಾಡುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಅದರಿಂದ ಜನರ ಆರೋಗ್ಯ ಕೆಟ್ಟಿತು ಎಂಬ ದೂರು ಎದ್ದು, ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಹಾಗೆ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ವಾದ ಪ್ರತಿವಾದ ಬಹಳ ನಡೆದಿದೆ, ನಾನು ಹೇಳುವುದು ಅಳತೆಯ ಮಾತು ಮಾತ್ರ. ಮಾರಾಟದ ಎಂಡೋಸಲ್ಫಾನ್ ಎಂದರೆ ಆಲ್ಫಾ, ಬೀಟಾ ಎಂಬ ಎರಡು ಐಸೋಮರುಗಳು, ಸುಮಾರು 7ಕ್ಕೆ 3ರ ಪ್ರಮಾಣದಲ್ಲಿ. ಮಣ್ಣಿನಲ್ಲಿ ಇವು ಉತ್ಕರ್ಷಣಗೊಂಡು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತವೆ. ಅದು ತಾಯಿ ವಸ್ತುವಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಹಳೆಯ ಮಣ್ಣಿನಲ್ಲಿ ಆಲ್ಫಾ, ಬೀಟಾ ಎರಡನ್ನೇ ಹುಡುಕಿ ‘ಪತ್ತೆಯಾಗಿಲ್ಲ’ ಎಂದು ಬರೆದರೆ ಬರೆದದ್ದು ಸುಳ್ಳಲ್ಲ, ಆದರೆ ಹುಡುಕಬೇಕಾದ್ದನ್ನು ಹುಡುಕಿಯೇ ಇಲ್ಲ. ಮೂರನ್ನೂ ಅಳೆದು ಕೂಡಿಸಬೇಕು. ಇದಕ್ಕೆ ಗ್ಯಾಸ್ ಕ್ರೊಮಾಟೋಗ್ರಫಿಯಲ್ಲಿ ಬಳಸುವ ಇಸಿಡಿ ಡಿಟೆಕ್ಟರ್ ಕ್ಲೋರಿನ್ನಿಗೆ ಬಹಳ ಚುರುಕು, ಆದರೆ ಪ್ಲಾಸ್ಟಿಕ್ಕಿನ ಥ್ಯಾಲೇಟಿಗೂ ಗಂಧಕಕ್ಕೂ ತಲೆಯೆತ್ತುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಖಚಿತಪಡಿಸಿಕೊಳ್ಳದೆ ಹೆಸರು ಹೇಳಬಾರದು. ಪತ್ತೆಯ ಕನಿಷ್ಠ ಮಿತಿ ಎಷ್ಟು ಎಂದು ಬರೆಯದ ‘ಪತ್ತೆಯಾಗಿಲ್ಲ’ಕ್ಕೆ ಅರ್ಥವೇ ಇಲ್ಲ. ಪ್ರತಿಯೊಂದು ಪಂಚಾಯತಿಗೂ ಹೀಗೆ ಪ್ರಶ್ನೆ ಕೇಳಬಲ್ಲ ಒಬ್ಬ ಕೆಮಿಸ್ಟ್ ಬೇಕು ಎನ್ನುವುದು ನನ್ನ ಅಭಿಪ್ರಾಯ. ಕೀಟನಾಶಕ ಶೇಷ ವಿಶ್ಲೇಷಣೆ ಎಂಬ ಪೂರ್ಣಪ್ರಮಾಣದ ಕಸುಬೇ ಇದೆ. ಕಾಳುಮೆಣಸು, ಏಲಕ್ಕಿ ರಫ್ತಿಗೂ ಅದು ಬೇಕು.

ಗೇರು ಸಿಪ್ಪೆಯ ಎಣ್ಣೆಯನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಕೈ ಸುಡುವ ಅನಾಕಾರ್ಡಿಕ್ ಆಸಿಡನ್ನು ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಅದು ಹೋಗುವುದು ವಾಹನದ ಬ್ರೇಕ್ ಲೈನಿಂಗಿಗೆ, ಪೈಂಟಿಗೆ, ರೆಸಿನ್ನಿಗೆ. ಪಾಲಿಮರ್ ಓದುವ ಆಸೆಯಿದ್ದವರಿಗೆ ಕಚ್ಚಾ ಮಾಲು ಗುಡ್ಡೆಯ ಮೇಲೆಯೇ ಇದೆ.

ಕ್ಯೂಸಿ ಕೆಲಸಕ್ಕೇ ಹೋಗುತ್ತೀರಾದರೆ ಅದನ್ನಾದರೂ ಗಟ್ಟಿಯಾಗಿ ಕಲಿತು ಹೋಗಿ. ಸಂದರ್ಶನದಲ್ಲಿ ಕೇಳುವುದು ಸಣ್ಣ ವಿಷಯಗಳನ್ನೇ. ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಬಫರಿನ ಪಿಎಚ್ ಯಾವಾಗ ಹೊಂದಿಸುತ್ತೀರಿ? ಅಸಿಟೋನೈಟ್ರೈಲ್ ಸೇರಿಸುವ ಮೊದಲು, ನೀರಿನಲ್ಲಿ. ಫಾಸ್ಫೇಟ್ ಬಫರ್ ಇರುವ ಕಾಲಮ್ಮಿಗೆ ನೇರವಾಗಿ ಶುದ್ಧ ಅಸಿಟೋನೈಟ್ರೈಲ್ ಬಿಟ್ಟರೆ? ಉಪ್ಪು ಒಳಗೇ ಹೆಪ್ಪುಗಟ್ಟಿ ಒತ್ತಡ ಏರುತ್ತದೆ. ಮೊದಲು ನೀರು ಹೆಚ್ಚಿರುವ ಮಿಶ್ರಣದಲ್ಲಿ ತೊಳೆಯಬೇಕು. ಫಲಿತಾಂಶ ಮಿತಿಯ ಹೊರಗೆ ಬಂದರೆ? ಪಾಸಾಗುವವರೆಗೆ ಮತ್ತೆ ಮತ್ತೆ ಓಡಿಸುವುದು ಎಂದು ಉತ್ತರ ಕೊಟ್ಟವರು ಅಲ್ಲಿಂದಲೇ ಮನೆಗೆ. ಮೊದಲು ವರದಿ ಮಾಡಿ, ತನಿಖೆ ಆಗಿ, ಕಾರಣ ಸಿಕ್ಕ ಮೇಲಷ್ಟೇ ಮುಂದಿನ ಮಾತು. ತಪ್ಪು ಬರೆದದ್ದನ್ನು ವೈಟ್ನರ್ ಹಚ್ಚಿ ಅಳಿಸಬಾರದು. ಒಂದೇ ಗೆರೆ ಎಳೆದು, ಸಹಿ, ದಿನಾಂಕ. ಆರಂಭದ ಸಂಬಳ ಕಡಿಮೆ, ರಾತ್ರಿ ಪಾಳಿಯೂ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಸರಕಾರಿ ದಾರಿಗಳೂ ಇವೆ. ಫೊರೆನ್ಸಿಕ್ ಲ್ಯಾಬ್, ಕೋಯಿಕ್ಕೋಡಿನಲ್ಲೂ ಇರುವ ಕೆಮಿಕಲ್ ಎಕ್ಸಾಮಿನರ್ ಲ್ಯಾಬ್, ಕೇರಳ ಪಿಎಸ್‌ಸಿಯ ಕನ್ನಡ ಮಾಧ್ಯಮ ಶಿಕ್ಷಕ ಹುದ್ದೆಗಳು. ಹೈಸ್ಕೂಲಿಗೆ ಕೆ-ಟೆಟ್, ಹೈಯರ್ ಸೆಕೆಂಡರಿಗೆ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಸಂಶೋಧನೆ ಎಂದರೆ ಸಿಎಸ್‌ಐಆರ್ ನೆಟ್, ಗೇಟ್ ಪರೀಕ್ಷೆಗಳು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿವೆ, ಅಲ್ಲಿನ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ನೋಡುತ್ತಿರಿ. ಬರೆಯುವುದರಲ್ಲಿ ಆಸಕ್ತಿ ಇದ್ದರೆ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನದ ಪದವಿ ಸಾಕು, ಕಾನೂನು ಓದಿರಬೇಕಿಲ್ಲ.

ಕೊನೆಯ ವರ್ಷದಲ್ಲಿ ಇರುವವರು ರೆಸ್ಯೂಮೆಯಲ್ಲಿ ‘ಎಚ್‌ಪಿಎಲ್‌ಸಿ ಗೊತ್ತು, ಯುವಿ ಗೊತ್ತು’ ಎಂದು ಬರೆಯಬೇಡಿ. ಯಾವ ಸ್ಯಾಂಪಲ್, ಯಾವ ಕಾಲಮ್, ಎಷ್ಟು ಇಂಜೆಕ್ಷನ್, ಆರ್‌ಎಸ್‌ಡಿ (ಮತ್ತೆ ಮತ್ತೆ ಅಳೆದಾಗ ಬರುವ ಏರುಪೇರಿನ ಶೇಕಡಾ) ಎಷ್ಟು ಬಂತು, ಅದನ್ನು ಬರೆಯಿರಿ. ಯಂತ್ರವನ್ನು ದೂರದಿಂದ ನೋಡಿದ್ದಷ್ಟೇ ಆಗಿದ್ದರೆ ಟೈಟ್ರೇಶನ್ನನ್ನೇ ಅಷ್ಟು ವಿವರವಾಗಿ ಬರೆಯಿರಿ, ನಡೆಯುತ್ತದೆ. ಭಾಷೆಗಳ ಸಾಲಿನಲ್ಲಿ ಕನ್ನಡ, ಮಲಯಾಳಂ, ತುಳು ಮೂರನ್ನೂ ಹಾಕಿ. ತೋಟಕ್ಕೆ, ಬಾವಿಗೆ, ಗಾಣಕ್ಕೆ ಹೋಗಿ ಸ್ಯಾಂಪಲ್ ತೆಗೆದು, ಅಲ್ಲಿಯ ಜನರನ್ನು ಕೇಳಿ ಬರೆದುಕೊಂಡು ಬರಬೇಕಾದ ಲ್ಯಾಬುಗಳು ಆ ಸಾಲನ್ನು ಓದುತ್ತವೆ.