ಮುತ್ತಾತ ಏನು ಕೆಲಸ ಮಾಡ್ತಿದ್ರು? ಮೊದಲು ಪೇಟೆನಾ ದಂಡಾ ಹೇಳಿ

ಬೆಂಗಳೂರಲ್ಲಿದ್ದ ಮುತ್ತಾತನ ಕಸುಬನ್ನ ಹಳೇ ಕಾಗದಗಳಲ್ಲಿ ಹುಡುಕೋದು ಹೇಗೆ, ಅದೇ ಈ ವಿಡಿಯೋ. ಆ ಕೆಂಪು ಕಟ್ಟಡ ಹೈಕೋರ್ಟು. ಹಳಬರಿಗೆ ಅದು ಅಠಾರಾ ಕಚೇರಿ, ಸರ್ಕಾರದ ಹದಿನೆಂಟು ಇಲಾಖೆ ಅಲ್ಲೇ ಇತ್ತು. ಮನೇಲಿ 'ಮುತ್ತಾತ ಕಚೇರೀಲಿದ್ರು' ಅಂದು ಸುಮ್ಮನಾಗ್ತಾರಲ್ಲ, ಅದರಿಂದ ಏನೂ ಗೊತ್ತಾಗಲ್ಲ. ಜವಾನನೂ ಕಚೇರೀಲೇ ಇದ್ದ, ಗುಮಾಸ್ತರ ಮೇಲಿನ ಸಿರಸ್ತೇದಾರನೂ ಕಚೇರೀಲೇ ಇದ್ದ.

ಹುದ್ದೆ ಆಮೇಲೆ. ಮೊದಲು ಕೇಳಿ: ಪೇಟೇಲಿದ್ರಾ, ದಂಡಲ್ಲಿದ್ರಾ? ಪೇಟೆ ಅಂದ್ರೆ ಹಳೇ ಊರು, ದಂಡು ಅಂದ್ರೆ ಬ್ರಿಟಿಷರ ಕಂಟೋನ್ಮೆಂಟು. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಒಡೆಯರಿಗೆ ವಾಪಸ್ ಬಂತು, ದಂಡು ಮಾತ್ರ 1947ರವರೆಗೂ ಬ್ರಿಟಿಷ್ ರೆಸಿಡೆಂಟರ, ಅಂದ್ರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ ಕೈಲೇ ಉಳೀತು. ಎರಡು ಮುನಿಸಿಪಾಲಿಟಿ ಸೇರಿ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಹಾಗಾಗಿ ಬಳೇಪೇಟೆ ಗುಮಾಸ್ತನ ಕಾಗದ ಹುಡುಕೋದು ರಾಜ್ಯ ಪತ್ರಾಗಾರದಲ್ಲಿ, ಮೈಸೂರು ಸರ್ಕಾರದ ಕಡತಗಳಲ್ಲಿ. ಶಿವಾಜಿನಗರದ, ಅಂದ್ರೆ ಆಗಿನ ಬ್ಲಾಕ್‌ಪಲ್ಲಿಯ ಕಂಟ್ರಾಕ್ಟರ್ ಆಗಿದ್ರೆ ರೆಸಿಡೆನ್ಸಿ ಕಡತ, ಅದಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಪಟ್ಟಿ. ಇದು ತೀರ್ಮಾನ ಆಗದೆ ಪತ್ರಾಗಾರಕ್ಕೆ ಬಂದು ಕೂತ್ರೆ ಇಡೀ ದಿನ ವ್ಯರ್ಥ.

ಜನಗಣತೀಲಿ ಹೆಸರು ಸಿಗುತ್ತೆ ಅಂತ ಬರೋರಿಗೆ ಈಗಲೇ ಹೇಳ್ಬಿಡ್ತೀನಿ, ಸಿಗಲ್ಲ. ಮನೆಮನೆ ತುಂಬಿದ ಪಟ್ಟಿ ಉಳಿಸಿಲ್ಲ, ಒಟ್ಟು ಲೆಕ್ಕ ಮಾತ್ರ ಅಚ್ಚಾಗಿದೆ.

ಸರ್ಕಾರಿ ನೌಕರ ಅನ್ನೋ ಅನುಮಾನ ಇದ್ರೆ ಹಳೇ ಸುದ್ದಿಪತ್ರಿಕೆ ಪಕ್ಕಕ್ಕಿಡಿ, ಗೆಜೆಟ್, ಅಂದ್ರೆ ಸರ್ಕಾರವೇ ಅಚ್ಚು ಹಾಕಿಸೋ ಪ್ರಕಟಣೆ ತೆಗೀರಿ. 1866ರಿಂದ ಮೈಸೂರು ಗೆಜೆಟ್ ಇದೆ. ನೇಮಕ, ವರ್ಗ, ರಜೆ, ಅಧಿಕಾರ ವಹಿಸಿಕೊಂಡ ದಿನ, ಎಲ್ಲ ಬರುತ್ತೆ. 'ಆಕ್ಟಿಂಗ್', ಅಂದ್ರೆ ತಾತ್ಕಾಲಿಕ ಅಂತ ಕಂಡ್ರೆ ಅಲ್ಲಿಗೇ ನಿಲ್ಲಬೇಡಿ, ಮುಂದಿನ ಆರು ತಿಂಗಳ ಸಂಚಿಕೆ ಓದಿ. ಸಾಹೇಬರು ರಜೆ ಹಾಕಿದಾಗ ಒಂದು ತಿಂಗಳು ಅಮಲ್ದಾರರಾಗಿದ್ದವರು (ಈಗಿನ ತಹಸೀಲ್ದಾರ್ ಥರ) ಮನೆಯವರ ಬಾಯಲ್ಲಿ ಜೀವನಪೂರ್ತಿ ಅಮಲ್ದಾರರೇ ಆಗಿರ್ತಾರೆ. ಕಾಯಂ ಹುದ್ದೆ ಅದಕ್ಕಿಂತ ಕೆಳಗಿನ ಶೇಕ್ದಾರಿಕೆ ಇರಬಹುದು. ಸಂಬಳ ಬೇಕಿದ್ರೆ ಸಿವಿಲ್ ಲಿಸ್ಟ್, ಅಂದ್ರೆ ಅಧಿಕಾರಿಗಳ ಪಟ್ಟಿ ನೋಡಿ. ಗುಮಾಸ್ತ, ದಫೇದಾರ್, ಜವಾನ, ಇವರು ಗೆಜೆಟ್‌ಗೆ ಬರೋದು ಅಪರೂಪ. ಅವರಿಗೆ ಪಿಂಚಣಿ ಕಡತವೇ ಗತಿ.

ಗೆಜೆಟ್ ಇದ್ರೆ ಪತ್ರಿಕೆ ಬೇಡವೇ ಬೇಡ ಅನ್ಸುತ್ತೆ ನಂಗೆ. ಇಲ್ಲ, ತಡೀರಿ. ಅಂಗಡಿಯವರು, ವೈದ್ಯರು, ಫೋಟೋ ತೆಗೆಯೋರು, ಅಚ್ಚುಕೂಟದವರು, ಇವರೆಲ್ಲ ಸಿಗೋದು ಜಾಹೀರಾತಿನಲ್ಲೇ. ಕೋರ್ಟ್ ನೋಟೀಸಂತೂ ಬಂಗಾರ: ಇಂಥವರ ಮಗ, ಇಷ್ಟು ವಯಸ್ಸು, ಇಂಥ ಕಸುಬು, ಇಂಥ ಕಡೆ ವಾಸ. ದಿವಾಳಿ, ಹರಾಜು ಅಂತ ನಾಚಿಕೊಂಡು ಪುಟ ಮಗುಚಬೇಡಿ. ಹಳೇ ಕ್ರಯಪತ್ರದಲ್ಲೂ ಇದೇ ವಿವರ ಇರುತ್ತೆ.

ಈಗ ಇದು ನೋಡಿ. ಕ್ಯಾಮೆರಾ ಹತ್ತಿರ ತರ್ತೀನಿ. ಹರಾಜು ನೋಟೀಸು, ಹೆಸರಿರೋ ಸಾಲಿನ ಮೇಲೇ ಸೆಲ್ಲೋಟೇಪ್! ಯಾವ ಗ್ರಂಥಾಲಯ ಅನ್ನೋದು ಬೇಡ, ಈ ಪಿಡುಗು ಎಲ್ಲ ಕಡೆ ಇದೆ. ಪತ್ರಿಕೆ ಕಾಗದ ಮರದ ತಿರುಳಿನದು, ಅದರ ಲಿಗ್ನಿನ್‌ನಿಂದ ಆಮ್ಲ ಹುಟ್ಟಿ ಕಾಗದ ಸುಟ್ಟ ಹಪ್ಪಳದ ಥರ ಮುರಿಯುತ್ತೆ. ಹರಿದಿದ್ದು ಕಂಡು ಯಾರೋ ಒಳ್ಳೇ ಮನಸ್ಸಿನಿಂದಲೇ ಟೇಪ್ ಹಚ್ಚಿದಾರೆ. ವರ್ಷ ಕಳೆದ ಹಾಗೆ ಪ್ಲಾಸ್ಟಿಕ್ ಎದ್ದು ಬರುತ್ತೆ, ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿ ಬೀಳುತ್ತೆ. ಕೀಳೋಕೆ ಹೋದ್ರೆ ಅಕ್ಷರ ಟೇಪ್ ಜೊತೆಗೇ ಬರುತ್ತೆ. ಕೀಳಲೇಬೇಡಿ. ಬೆಳಕನ್ನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೀರಿ, ಮೊಬೈಲಲ್ಲಿ ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. ಇಲ್ಲಿ 'ಜವಳಿ ವ್ಯಾಪಾರ' ಅನ್ನೋದು ಹಾಗೇ ಓದೋಕೆ ಸಿಕ್ತು. ಹರಿದ ಪುಟ ಕಂಡ್ರೆ ಸಿಬ್ಬಂದಿಗೆ ಹೇಳಿ, ಅಂಗಡಿಗೆ ಓಡಿ ಟೇಪ್ ತರಬೇಡಿ. ಜಪಾನೀ ಟಿಶ್ಯೂ, ಗೋಧಿ ಗಂಜಿ ಹಚ್ಚೋ ಪದ್ಧತಿ ಇದೆ, ಅದನ್ನ ಕಲಿತವರು ಮಾಡಲಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವೋದಂತೂ ಖಂಡಿತ ಕೂಡದು.

ಪೇಟೆ ಕಡೆಗೆ ಸೂರ್ಯೋದಯ ಪ್ರಕಾಶಿಕಾ, ವಿಶ್ವಕರ್ನಾಟಕ, ತಾಯಿನಾಡು. ದಂಡಿಗೆ ಇಂಗ್ಲಿಷಿನ ಡೈಲಿ ಪೋಸ್ಟ್. ಯಾವುದೂ ಪೂರ್ತಿ ಸಿಗುತ್ತೆ ಅಂದ್ಕೋಬೇಡಿ. 1908ರ ಪತ್ರಿಕಾ ಕಾನೂನು ಬಂದಾಗ ಹಲವು ಪತ್ರಿಕೆ ನಿಂತೇಹೋದವು, ಆ ಖಾಲಿ ಜಾಗಕ್ಕೆ ಗ್ರಂಥಾಲಯದವರನ್ನ ಬೈದು ಪ್ರಯೋಜನ ಇಲ್ಲ.

ಇಂಗ್ಲಿಷ್ ಕಾಗದದಲ್ಲಿ ರಾವ್ ಹೋಗಿ 'ರೋ' ಆಗಿರುತ್ತೆ, ಶೆಟ್ಟಿ 'ಚೆಟ್ಟಿ' ಆಗಿರುತ್ತೆ. ಎಲ್ಲ ಥರ ಬರೆದು ಹುಡುಕಿ. ಅದಕ್ಕಿಂತ ದೊಡ್ಡ ಗಂಡಾಂತರ ಕನ್ನಡ ಪತ್ರಗಳಲ್ಲಿದೆ. ಬರೀ 'ವಿಶ್ವಾವಸು ಸಂವತ್ಸರ' ಅಂತಿದ್ರೆ ಅದು 1905 ಇರಬಹುದು, 1845 ಇರಬಹುದು, 1965 ಕೂಡ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ. ಅರವತ್ತು ವರ್ಷಕ್ಕೆ ಸಂವತ್ಸರವೂ ಅದೇ, ಹೆಸರೂ ಅದೇ! ತಾತನ ಶಾನುಭೋಗಿಕೆ ಮೊಮ್ಮಗನ ತಲೆಗೆ ಕಟ್ಟಿರೋ ವಂಶವೃಕ್ಷಗಳು ಎಷ್ಟೋ ಇವೆ. ಪತ್ರದಲ್ಲಿ ತಿಥಿ, ವಾರ ಎರಡೂ ಇದ್ರೆ ಹಳೇ ಪಂಚಾಂಗಕ್ಕೆ ತಾಳೆ ಹಾಕಿ. ಪತ್ರದಲ್ಲಿ ಆಣೆ ಬದಲು ನಯೇ ಪೈಸೆ ಕಂಡ್ರೆ 1957ರ ಈಚಿನದು.

ಹಳ್ಳಿ ಮೂಲದವರಿಗೆ ಪತ್ರಿಕೆಗಿಂತ ಜಮೀನಿನ ದಾಖಲೆ ವಾಸಿ. ಶಾನುಭೋಗ, ಪಟೇಲ, ತಳವಾರ, ಹೊಲಕ್ಕೆ ಕೆರೆ ನೀರು ಬಿಡೋ ನೀರಗಂಟಿ ಇವರಿಗೆ ಕೆಲಸಕ್ಕೆ ಪ್ರತಿಯಾಗಿ ಇನಾಂ ಜಮೀನಿತ್ತು. ಗ್ರಾಮ ಹುದ್ದೆಗಳನ್ನ ರದ್ದು ಮಾಡಿದ್ದು 1961ರ ಕಾಯ್ದೆ. ಅದಕ್ಕೆ ಮುಂಚಿನ ಪುಸ್ತಕದಲ್ಲಿ ಸರ್ವೆ ನಂಬರ್ ಎದುರು ನೀರಗಂಟಿ ಇನಾಂ ಅಂತಿದ್ರೆ ಕಸುಬು ಸಿಕ್ಕಿದ ಹಾಗೇ. ಊರೂರಿಗೆ ಬಂದು ವಂಶಾವಳಿ ಹೇಳೋ ಹೆಳವರು ನಿಮ್ಮೂರಿಗೆ ಈಗಲೂ ಬರೋದಾದ್ರೆ ಅವರ ಬಾಯಲ್ಲಿ ವಂಶ ಕೇಳಿ, ರೆಕಾರ್ಡ್ ಮಾಡ್ಕೊಳ್ಳಿ. ಅವರು ಹೇಳೋ ಕ್ರಮ ಹಿಡಿದು ತಾತ ಯಾರು ಮೊಮ್ಮಗ ಯಾರು ಅಂತ ಬಿಡಿಸಬಹುದು. ಅದಕ್ಕೇ ಬೇರೆ ವಿಡಿಯೋ ಬೇಕು...

ಓ, ಕಡತ ಬಂತು. ಮೊದಲು ಮೇಲ್ಪುಟದ ಫೋಟೋ: ಇಲಾಖೆ, ವರ್ಷ, ಕಡತದ ಸಂಖ್ಯೆ ಮೂರೂ ಕಾಣಬೇಕು, ಇಲ್ಲದಿದ್ರೆ ನಕಲಿಗೆ ಅರ್ಜಿ ಹಾಕೋಕಾಗಲ್ಲ. ಇಲ್ಲಿಂದ ಮುಂದೆ ಶೂಟಿಂಗ್ ಇಲ್ಲ, ಕಟ್ ಮಾಡ್ತೀನಿ.