ತಕಮಾತ್ಸು ಕೋಟೆ: ಗೋಡೆಯ ಬೆನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಜಪಾನಿನ ಕೋಟೆ ಎಂದೊಡನೆ ಎಲ್ಲರ ಕಣ್ಣೂ ಬಿಳಿ ಗೋಪುರದ ಕಡೆಗೇ ಹೋಗುತ್ತದೆ. ದಯವಿಟ್ಟು ಇವತ್ತು ಸ್ವಲ್ಪ ಹೊತ್ತು ಗೋಪುರವನ್ನು ಮರೆತುಬಿಡಿ. ನಾನು ಹೇಳಹೊರಟಿರುವ ತಕಮಾತ್ಸು ಕೋಟೆಯಲ್ಲಿ ಮುಖ್ಯ ಗೋಪುರವೇ ಇಲ್ಲ. ಶಿಥಿಲವಾಯಿತೆಂದು 1884ರಲ್ಲೇ ಅದನ್ನು ಇಳಿಸಿದರು. ಅದನ್ನು ಹೊತ್ತಿದ್ದ ಕಲ್ಲಿನ ಪೀಠ ಮಾತ್ರ ಉಳಿದಿದೆ. ಆ ಪೀಠದ ಬಗ್ಗೆ ಒಂದೇ ಮಾತು ನಿಮ್ಮ ಮನಸ್ಸಿನಲ್ಲಿ ನಿಂತರೆ ನನಗೆ ಸಾಕು: ಗೋಡೆಯನ್ನು ನಿಲ್ಲಿಸಿರುವುದು ಅದರ ಮುಖವಲ್ಲ, ಬೆನ್ನು.

ಶಿಕೋಕು ದ್ವೀಪದ ಉತ್ತರ ದಡದಲ್ಲಿ, ಸೆಟೊ ಒಳಗಡಲಿನ ಅಂಚಿನಲ್ಲಿ ಈ ಕೋಟೆ ಇದೆ. 1588ರಲ್ಲಿ ಇಕೊಮಾ ಚಿಕಾಮಾಸಾ ಎಂಬ ಸರದಾರ ಕಟ್ಟಿಸತೊಡಗಿದ. ಉತ್ತರದ ಗೋಡೆಯ ಬುಡಕ್ಕೆ ಅಂದು ನೇರವಾಗಿ ಸಮುದ್ರ. ಉಳಿದ ಕಡೆಗಳಲ್ಲಿ ಮೂರು ಸುತ್ತು ಕಂದಕ. ಆ ಕಂದಕಕ್ಕೂ ಸಮುದ್ರದ ನೀರೇ. ಈಗಲೂ ಒಳಗಿನ ಕಂದಕಕ್ಕೆ ತೂಬಿನ ಮೂಲಕ ಕಡಲ ನೀರು ಬರುತ್ತದೆ, ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ, ಕೆರೆಮೀನು ಇರಬೇಕಾದಲ್ಲಿ ಜಪಾನೀಯರು ‘ತಾಯ್’ ಎಂದು ಕರೆಯುವ ಸಮುದ್ರದ ಮೀನು ಈಜುತ್ತದೆ.

ಮಾತು ಇಲ್ಲಿಗೆ ಬಂದಾಗ ಪ್ರತಿಬಾರಿಯೂ ಯಾರಾದರೂ ಕೇಳುತ್ತಾರೆ, ಕಲ್ಲುಗಳ ನಡುವೆ ಗಾರೆ ಹಾಕಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತಲ್ಲವೇ ಎಂದು. ಇಲ್ಲ, ಖಂಡಿತ ಇಲ್ಲ. ಒಳಗೆ ನುಗ್ಗಿದ ನೀರು ಹೊರಗೆ ಬರಲೇಬೇಕು. ದಾರಿ ಕಟ್ಟಿದರೆ ಅದೇ ನೀರು ಗೋಡೆಯನ್ನು ಒಳಗಿನಿಂದ ತಳ್ಳುತ್ತದೆ. ಅದಕ್ಕೇ ಮುಖದ ದೊಡ್ಡ ಕಲ್ಲುಗಳ ಹಿಂದೆ ಮುಷ್ಟಿಗಾತ್ರದ ಸಣ್ಣ ಕಲ್ಲುಗಳ ದಪ್ಪ ಪದರ ತುಂಬುತ್ತಾರೆ. ಮಳೆಯ ನೀರಾಗಲಿ ಕಡಲ ನೀರಾಗಲಿ ಆ ಸಂದುಗಳಲ್ಲಿ ಹರಿದು ಹೋಗುತ್ತದೆ. ಮುಖದ ಕಲ್ಲನ್ನೂ ಅಗಲವಾಗಿ ಕೂರಿಸುವುದಿಲ್ಲ. ಅದರ ಉದ್ದವನ್ನು ಗೋಡೆಯ ಒಳಕ್ಕಿಳಿಸಿ, ಗಿಡ್ಡ ತುದಿಯನ್ನು ಮಾತ್ರ ಹೊರಗೆ ಬಿಡುತ್ತಾರೆ. ನೀವು ನೋಡುವುದು ಕಲ್ಲಿನ ತಲೆಯನ್ನಷ್ಟೇ. ಕೆಲಸವೆಲ್ಲ ಬೆನ್ನಿನದು.

ಇದನ್ನು ಕಣ್ಣಾರೆ ಕಾಣುವ ಅವಕಾಶ ಕೆಲವು ವರ್ಷಗಳ ಹಿಂದೆ ಒದಗಿತು. ಗೋಪುರದ ಪೀಠ ಹೊಟ್ಟೆ ಬಿಟ್ಟಿತ್ತು. ಸಿಮೆಂಟ್ ಸುರಿದು ಮುಚ್ಚಿಬಿಡಬಹುದಿತ್ತು. ರಿಪೇರಿ ಮಾಡುವವರು ಹಾಗೆ ಮಾಡಲಿಲ್ಲ, ಇಡೀ ಪೀಠವನ್ನೇ ಬಿಚ್ಚಿದರು! ಮೊದಲು ಪ್ರತಿ ಕಲ್ಲಿಗೂ ಸಂಖ್ಯೆ. ಪಕ್ಕದ ಕಲ್ಲಿನೊಂದಿಗೆ ಮತ್ತೆ ಸರಿಯಾಗಿ ಹೊಂದಿಸಲು ಎರಡರ ಮೇಲೂ ಹಾಯುವ ಗೆರೆ. ಛಾಯಾಚಿತ್ರ, ಅಳತೆ, ನಕ್ಷೆ. ಆಮೇಲೆ ಮೇಲಿನಿಂದ ಒಂದೊಂದಾಗಿ ಎತ್ತಿ ಕೆಳಗೆ ಸಾಲಾಗಿ ಇಟ್ಟರು. ಬಿಚ್ಚುತ್ತ ಹೋದಂತೆ ಪೀಠದೊಳಗಿನ ನೆಲಮಾಳಿಗೆಯಲ್ಲಿ ಗೋಪುರದ ಮರದ ಕಂಬಗಳನ್ನು ಹೊತ್ತಿದ್ದ ಅಡಿಗಲ್ಲುಗಳು ಸಿಕ್ಕವು. ನಾನೂರು ವರ್ಷಗಳ ಹಿಂದಿನ ಕಲ್ಲುಕುಟಿಗರ ಲೆಕ್ಕಾಚಾರ ಬಯಲಾಯಿತು. ಒಡೆದು ಹೋದ ಕಲ್ಲುಗಳಿಗಷ್ಟೇ ಬದಲಿ. ಉಳಿದವು ತಮ್ಮ ತಮ್ಮ ಹಳೆಯ ಜಾಗಕ್ಕೇ ಮರಳಿದವು. ಗೋಡೆಯ ಬೆನ್ನಿಗಿದ್ದ ಸಣ್ಣ ಕಲ್ಲುಗಳ ಪದರವನ್ನೂ ಹೊಸದಾಗಿ ತುಂಬಿದರು. ವರ್ಷಗಟ್ಟಲೆ ನಡೆದ ಈ ಕೆಲಸ 2013ರ ಹೊತ್ತಿಗೆ ಮುಗಿಯಿತು. ಗೋಡೆಯ ಮುಖ ಮೊದಲಿನಂತೆಯೇ ಇದೆ. ಖರ್ಚು, ಶ್ರಮ, ತಾಳ್ಮೆ ಎಲ್ಲವೂ ಹೋಗಿದ್ದು ಬೆನ್ನಿಗೆ. ರಿಪೇರಿ ಎಂದರೆ ಇದು.

ಹೇಳಬೇಕಾದ್ದು ಇನ್ನೂ ಇದೆ, ಸಮಯ ಸಾಲದು. ಮೂಲೆಗಳಲ್ಲಿ ಉದ್ದ ಕಲ್ಲುಗಳನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗಿಸಿ ಹೆಣೆಯುತ್ತಾರೆ. 1642ರಲ್ಲಿ ಕೋಟೆ ಮತ್ಸುದೈರಾ ಮನೆತನದ ಕೈಸೇರಿತು. ಅವರ ಕಾಲದ, 1676ರ ಸುಮಾರಿನ ತ್ಸುಕಿಮಿ ಕಾವಲುಮನೆ ಈಗಲೂ ನಿಂತಿದೆ. ಅದರ ಪಕ್ಕದ ನೀರುಬಾಗಿಲಿನಿಂದ ದೊರೆ ನೇರವಾಗಿ ದೋಣಿ ಹತ್ತಬಹುದಿತ್ತು. ಈಗ ಅಲ್ಲಿ ಸಮುದ್ರವನ್ನು ತುಂಬಿ ರಸ್ತೆ ಮಾಡಿದ್ದಾರೆ.

ಕಳೆದುಹೋದ ಗೋಪುರವನ್ನು ಮತ್ತೆ ಕಟ್ಟಬೇಕೆಂಬ ಆಸೆ ಆ ಊರಿನಲ್ಲಿ ಬಲವಾಗಿದೆ. 1882ರಲ್ಲಿ ತೆಗೆದ ಗೋಪುರದ ಛಾಯಾಚಿತ್ರವೊಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಮೇಲಂತೂ ಉತ್ಸಾಹ ಹೆಚ್ಚಿದೆ. ಕಟ್ಟಲಿ, ನನ್ನ ತಕರಾರಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಮತ್ತೆ ಜೋಡಿಸಿದ ಆ ಪೀಠ ಹೊಸ ಭಾರವನ್ನು ತಾಳುತ್ತದೆಯೇ ಎಂಬುದನ್ನು ಮೊದಲು ಅಳೆಯಬೇಕು. ಚಿತ್ರ, ಬಣ್ಣ, ಹೆಂಚಿನ ಮಾತೆಲ್ಲ ಆಮೇಲೆ. ನಮಸ್ಕಾರ.